ಜೀವ ತೂಗಿದ ತಕ್ಕಡಿ

ರಕ್ತವನ್ನು ಸೋಸಿ ಶುದ್ಧಗೊಳಿಸುವ ಕೆಲಸ ಮೂತ್ರಪಿಂಡಗಳದು. ಅವೆರಡೂ ಸಂಪೂರ್ಣವಾಗಿ ಕೆಟ್ಟರೆ ಕಲ್ಮಷಗಳು ರಕ್ತದಲ್ಲಿಯೇ ಉಳಿದು ಮನುಷ್ಯನು ಮರಣಕ್ಕೀಡಾಗುತ್ತಾನೆ. ರಕ್ತವನ್ನು ದೇಹದ ಹೊರಗೆ ಸೋಸುವ ಯಂತ್ರವು 1940ರ ದಶಕದಲ್ಲಿಯೇ ಸಿದ್ಧವಾಗಿದ್ದಿತು. ಆದರೆ ಪ್ರತಿ ಸಲವೂ ರಕ್ತನಾಳಗಳನ್ನು ಹೊಸದಾಗಿ ಕೊಯ್ಯಬೇಕಾಗಿದ್ದುದರಿಂದ ಅದನ್ನು ದೀರ್ಘಕಾಲ ಬಳಸುವಂತಿರಲಿಲ್ಲ. ಅಮೆರಿಕದ ಸಿಯಾಟಲ್ ನಗರದ ವೈದ್ಯರಾದ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು 1960ರಲ್ಲಿ ರೋಗಿಯ ತೋಳಿನಲ್ಲಿಯೇ ಉಳಿಯುವಂತಹ ಟೆಫ್ಲಾನ್ ಕೊಳವೆಯನ್ನು ಜೋಡಿಸಿ ಈ ತೊಡಕನ್ನು ನಿವಾರಿಸಿದರು. ಸಾವಿನ ಅಂಚಿನಲ್ಲಿದ್ದವರು ವರ್ಷಗಟ್ಟಲೆ ಬದುಕುವುದು ಸಾಧ್ಯವಾಯಿತು.

ವಿಜ್ಞಾನವೇನೋ ಗೆದ್ದಿತು, ಅದರ ಬೆನ್ನಿಗೇ ಹೊಸದೊಂದು ಸಂಕಟವು ತಲೆದೋರಿತು. 1962ರಲ್ಲಿ ಸಿಯಾಟಲಿನಲ್ಲಿ ತೆರೆದ ಚಿಕಿತ್ಸಾ ಕೇಂದ್ರದಲ್ಲಿ ಇದ್ದ ಹಾಸಿಗೆಗಳು ಕೆಲವೇ. ಒಬ್ಬ ರೋಗಿಗೆ ವರ್ಷಕ್ಕೆ ಸಾವಿರಾರು ಡಾಲರುಗಳ ವೆಚ್ಚ. ಹೀಗಿರುವಾಗ ಯಾರನ್ನು ಉಳಿಸುವುದು, ಯಾರನ್ನು ಕೈಬಿಡುವುದು?

ಇದನ್ನು ನಿರ್ಣಯಿಸಲು ಏಳು ಜನರ ಸಮಿತಿಯೊಂದನ್ನು ನೇಮಿಸಿದರು. ಪಾದ್ರಿ, ವಕೀಲ, ಗೃಹಿಣಿ, ಬ್ಯಾಂಕಿನ ಅಧಿಕಾರಿ, ಕಾರ್ಮಿಕ ಮುಖಂಡ ಮೊದಲಾದವರು ಅದರಲ್ಲಿದ್ದರು. ಚಿಕಿತ್ಸೆಗೆ ತಕ್ಕವರೆಂದು ವೈದ್ಯರು ಗುರುತಿಸಿದವರಲ್ಲಿ ಕೆಲವರನ್ನು ಆರಿಸುವುದು ಇವರ ಹೊಣೆ. ರೋಗಿಯ ವಯಸ್ಸೆಷ್ಟು? ಮದುವೆಯಾಗಿದೆಯೇ? ಮಕ್ಕಳೆಷ್ಟು? ವಿದ್ಯೆಯೇನು, ಉದ್ಯೋಗವೇನು, ಆದಾಯವೆಷ್ಟು? ಸಮಾಜಕ್ಕೆ ಅವನಿಂದ ಏನು ಪ್ರಯೋಜನ? ಇಂತಹ ಪ್ರಶ್ನೆಗಳನ್ನು ಅವರು ವಿಚಾರಿಸಿದರು.

ಆ ಸದಸ್ಯರು ಕ್ರೂರಿಗಳಲ್ಲ. ಭಾರವಾದ ಮನಸ್ಸಿನಿಂದಲೇ ಕರ್ತವ್ಯವನ್ನು ನಿರ್ವಹಿಸಿದವರು. ಆದರೆ ಅವರ ಕೈಯಲ್ಲಿದ್ದ ತಕ್ಕಡಿಯು ಅವರ ಸಮಾಜವೇ ಕೊಟ್ಟ ತಕ್ಕಡಿ. ತಮ್ಮಂತೆಯೇ ಬಾಳಿದವನ ತಟ್ಟೆ ಅದರಲ್ಲಿ ಸಹಜವಾಗಿಯೇ ತೂಗಿತು. ಒಂಟಿಯಾಗಿ ಬದುಕಿದವನಿಗೆ, ಸಮಾಜದ ರೂಢಿಯನ್ನು ಮೀರಿ ನಡೆದವನಿಗೆ ಅಲ್ಲಿ ನ್ಯಾಯ ದೊರಕೀತೇ ಎಂದು ವಿಚಾರವಂತರು ಕೇಳಿದರು. ಪತ್ರಿಕೆಗಳಲ್ಲಿ ಚರ್ಚೆ ನಡೆಯಿತು. ಜನರ ಅಂತಃಕರಣವು ಕಲಕಿತು.

ಕೊನೆಗೆ 1972ರಲ್ಲಿ ಅಮೆರಿಕದ ಸಂಸತ್ತು ಕಾಯಿದೆಯೊಂದನ್ನು ಮಾಡಿತು. ಅದರಂತೆ 1973ರಿಂದ ಮೂತ್ರಪಿಂಡ ವೈಫಲ್ಯದ ಬಹುತೇಕ ಎಲ್ಲ ರೋಗಿಗಳ ಚಿಕಿತ್ಸೆಯ ವೆಚ್ಚವನ್ನು ಸರ್ಕಾರದ ವಿಮೆಯೇ ಭರಿಸತೊಡಗಿತು. ಚಿಕಿತ್ಸೆ ಆಗಲೂ ದುಬಾರಿಯಾಗಿಯೇ ಇದ್ದಿತು. ಬದಲಾದದ್ದು ಜನರ ಮೌಲ್ಯ. ಆದರೂ ಪ್ರಶ್ನೆ ಮುಗಿಯಲಿಲ್ಲ. ಈ ಒಂದು ರೋಗಕ್ಕೆ ದೊರೆತ ನೆರವು ಪ್ರಾಣಾಂತಿಕವಾದ ಇತರ ರೋಗಗಳಿಗೇಕೆ ಇಲ್ಲ ಎಂದು ಕೇಳುವವರು ಹುಟ್ಟಿಕೊಂಡರು.

ನಮ್ಮ ದೇಶದಲ್ಲಿಯೂ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಈ ಚಿಕಿತ್ಸೆಯನ್ನು ಒದಗಿಸುವ ಯೋಜನೆ 2016ರಲ್ಲಿ ಆರಂಭವಾಯಿತು. ಬೊಕ್ಕಸದ ಹಣಕ್ಕೆ ಎಲ್ಲಿಯೂ ಮಿತಿಯುಂಟು. ಆ ಹಣವನ್ನು ಎಣಿಸಲು ಗಣಿತ ಸಾಕು. ಯಾರಿಗಾಗಿ ವೆಚ್ಚಮಾಡಬೇಕೆಂದು ತಿಳಿಯಲು ವಿವೇಕವೂ ಕರುಣೆಯೂ ಬೇಕು. ನಾಳೆ ಪ್ರಜೆಗಳಾಗಿ ಆ ತಕ್ಕಡಿಯನ್ನು ಹಿಡಿಯಬೇಕಾದವರು ನಾವೇ.