ಸಂಘದಿಂದ ಸಂಘಕ್ಕೆ ಹಬ್ಬಿದ ಲೆಕ್ಕದ ವಿದ್ಯೆ

ಶೇಂಗಾ ಮತ್ತು ಎಣ್ಣೆ ಗಿರಣಿಗಳ ಚಳ್ಳಕೆರೆಯಲ್ಲಾಗಲಿ, ರೇಷ್ಮೆ ಸೀರೆಯ ಮೊಳಕಾಲ್ಮೂರಿನಲ್ಲಾಗಲಿ, ಮಳೆ ಕೈಕೊಟ್ಟಾಗ ಇಲ್ಲವೇ ಮಗ್ಗ ನಿಂತಾಗ ಬಡ ಕುಟುಂಬಗಳಿಗೆ ಸಾಲವಲ್ಲದೆ ಬೇರೆ ದಾರಿ ಇರುತ್ತಿರಲಿಲ್ಲ. ಇಂಥ ಬಯಲುಸೀಮೆಯಲ್ಲಿ ಮಹಿಳೆಯರು ತಮ್ಮದೇ ನಿಧಿ ಕಟ್ಟಿ, ಅದರ ಲೆಕ್ಕವನ್ನು ತಾವೇ ಇಡುವಂತಾದದ್ದು ಹೇಗೆಂಬುದನ್ನು ಅರಿಯಲು ಕರ್ನಾಟಕದ ಸ್ವಸಹಾಯ ಸಂಘಗಳ ಹುಟ್ಟಿನತ್ತ ನೋಡಬೇಕು.

1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು ಸ್ಥಾಪನೆಯಾದ ಮೈರಾಡ ಸಂಸ್ಥೆಯು ಮುಂದೆ ಗ್ರಾಮಾಭಿವೃದ್ಧಿಗೆ ತೊಡಗಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತ್ತು. 1984–85ರ ಸುಮಾರಿಗೆ ಅವುಗಳಲ್ಲಿ ಕೆಲವು ಒಡೆದಾಗ, ಪರಸ್ಪರ ನಂಬಿಕೆಯಿದ್ದ ಸದಸ್ಯರು ಚಿಕ್ಕ ಗುಂಪುಗಳಾಗಿ ಸೇರಿ ಉಳಿತಾಯ ಮಾಡತೊಡಗಿದರು; ಇವೇ ಮುಂದೆ ಸ್ವಸಹಾಯ ಸಂಘಗಳಾದವು. ನಬಾರ್ಡ್, ಅಂದರೆ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್, 1987ರಲ್ಲಿ ಈ ಪ್ರಯೋಗಕ್ಕೆ ₹10 ಲಕ್ಷ ನೀಡಿತು; 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಬಂತು; 2000ರಲ್ಲಿ ರಾಜ್ಯ ಸರ್ಕಾರ ಮಹಿಳಾ ಸಂಘಗಳಿಗಾಗಿ ಸ್ತ್ರೀಶಕ್ತಿ ಯೋಜನೆ ಆರಂಭಿಸಿತು.

ಆದರೆ ನಡಾವಳಿ ಪುಸ್ತಕ, ಉಳಿತಾಯ ಪುಸ್ತಕ, ಸಾಲದ ಖಾತೆ ಎಂಬ ಸಾಧನಗಳು ಹಳ್ಳಿಗಳಲ್ಲಿ ಬೇರೂರಿದ್ದು ಸುತ್ತೋಲೆಗಳಿಗಿಂತ ಹೆಚ್ಚಾಗಿ, ಹಳೆಯ ಸಂಘದ ಸದಸ್ಯೆಯರು ಹೊಸ ಸಂಘಕ್ಕೆ ಹೋಗಿ ಕಲಿಸಿದ್ದರಿಂದ. ತನ್ನಂತೆಯೇ ಕೂಲಿ ಮಾಡುವವಳು ಬಡ್ಡಿ ಲೆಕ್ಕ ಬಿಡಿಸಿದಾಗ ಕೇಳುವವಳಿಗೆ ಸಂಕೋಚ ಉಳಿಯುವುದಿಲ್ಲ. ತಿಳಿಯದ್ದನ್ನು ನಾಲ್ಕು ಬಾರಿ ಕೇಳುವ ಧೈರ್ಯವೂ ಬರುತ್ತದೆ. ಇಡೀ ಚಳವಳಿಯ ಜೀವಾಳ ಇದೇ. ಮೈರಾಡ ಮುಂದೆ ಬೆಳೆಸಿದ ಸಮುದಾಯ ನಿರ್ವಹಿತ ಸಂಪನ್ಮೂಲ ಕೇಂದ್ರಗಳು, ಅಂದರೆ ಸುಮಾರು ನೂರು ಸಂಘಗಳು ಸೇರಿ ಶುಲ್ಕ ಕೊಟ್ಟು ತರಬೇತಿ, ಲೆಕ್ಕಪರಿಶೋಧನೆಗಳನ್ನು ಪಡೆಯುವ ವ್ಯವಸ್ಥೆಗಳು, ಈ ಕಲಿಕೆಗೆ ಶಾಶ್ವತ ನೆಲೆ ಕೊಡುವ ಯತ್ನವಾಗಿದ್ದವು.

ಈಗ ಸಾಧನ ಬದಲಾಗಿದೆ. ಗ್ರಾಮೀಣ ಜೀವನೋಪಾಯಕ್ಕಾಗಿ ರಾಜ್ಯದಲ್ಲಿ ನಡೆಯುವ ಸಂಜೀವಿನಿ ಯೋಜನೆಯ ಸಂಘಗಳ ಒಕ್ಕೂಟಗಳಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿಯರು ಲೋಕೋಸ್ ಎಂಬ ಆ್ಯಪ್‌ನಲ್ಲಿ ವ್ಯವಹಾರಗಳನ್ನು ದಾಖಲಿಸುತ್ತಾರೆ. ಇಂಥ ಹಳ್ಳಿಗಳಲ್ಲಿ ಕೆಲಸ ಮಾಡುವ ಸಣ್ಣ ಟ್ರಸ್ಟ್‌ಗಳ ಲೆಕ್ಕದ ಹೊರೆ ಇನ್ನೂ ಹೆಚ್ಚು: ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯ ಕೆಲಸ ವಹಿಸಿಕೊಳ್ಳಲು 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಕಡ್ಡಾಯ; 80ಜಿ ಮಾನ್ಯತೆ, ಅಂದರೆ ದಾನಿಗೆ ತೆರಿಗೆ ರಿಯಾಯಿತಿ ಸಿಗುವ ಅನುಮತಿ, ಇದ್ದರೆ 2021–22ರಿಂದ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಪ್ರತಿವರ್ಷ ಆನ್‌ಲೈನ್ ಸಲ್ಲಿಸಬೇಕು. ಪ್ರತ್ಯೇಕ ಲೆಕ್ಕಿಗರನ್ನಿಟ್ಟುಕೊಳ್ಳಲಾಗದ ತಾಲ್ಲೂಕು ಮಟ್ಟದ ಸಂಸ್ಥೆಗೆ ದೂರದ ನಗರದ ಒಂದು ದಿನದ ತರಬೇತಿ ಸಾಲದು. ಕಳೆದ ವರ್ಷ ಅದೇ ನಮೂನೆ ತುಂಬಿ, ತಪ್ಪು ತಿದ್ದಿಕೊಂಡ ನೆರೆಯ ಸಂಸ್ಥೆಯ ಕಾರ್ಯಕರ್ತೆ ಪಕ್ಕದಲ್ಲಿ ಕೂತು ತೋರಿಸುವುದೇ ಅಲ್ಲಿ ಬೇಕಾದದ್ದು. ಅವಳ ಆ ದಿನದ ಕೂಲಿ ಮತ್ತು ಬಸ್ ಖರ್ಚನ್ನು ಭರಿಸುವ ಬಾಬ್ತು ನೆರವು ನೀಡುವವರ ಆಯವ್ಯಯದಲ್ಲಿ ಮೊದಲು ಸೇರಬೇಕು.