ಮಗುವಿಗೆ ಬಟ್ಟೆ ಡೈಪರ್: ನಂಬಿದ್ದೆಷ್ಟು, ನಿಜವೆಷ್ಟು?

ಬಾಣಂತಿಯ ಮನೆಗೆ ಮಗು ನೋಡಲು ಬಂದವರೆಲ್ಲ ಒಂದು ಬುದ್ಧಿಮಾತು ಹೇಳಿಯೇ ಹೋಗುತ್ತಾರೆ. ಅಜ್ಜಿಗೆ ಹಳೇ ಪಂಚೆಯ ಬಟ್ಟೆಯೇ ಸರಿ, "ಹಗ್ಗೀಸ್ ಹಾಕಿ ಹಾಕಿ ಮಗೂನ ಬೇಯಿಸ್ತೀರಲ್ಲ" ಎಂಬ ಸಂಕಟ. ರಜೆ ಮುಗಿದು ಆಫೀಸಿಗೆ ಹೊರಟ ಅತ್ತಿಗೆಗೆ ಪ್ಯಾಕೆಟ್ ಡೈಪರ್ ಇಲ್ಲದೆ ದಿನ ಸಾಗದು. ಈಚೆಗೆ ಟಿಚ್ ಬಟನ್ ಇರುವ, ಒಳಗೆ ಪ್ಯಾಡ್ ತೂರಿಸುವ ಬಣ್ಣಬಣ್ಣದ ಬಟ್ಟೆ ಡೈಪರ್ ಬಂದು ಮೂರನೆಯದೊಂದು ಪಕ್ಷವೂ ಹುಟ್ಟಿಕೊಂಡಿದೆ. ಇಷ್ಟು ಜನರ ನಡುವೆ ಹೊಸ ತಾಯಿ ಯಾವುದನ್ನು ಹಾಕಿದರೂ ಯಾರದಾದರೂ ಕಣ್ಣಿಗೆ ತಪ್ಪಿತಸ್ಥಳೇ. ಇದು ಅನ್ಯಾಯ. ಡೈಪರ್ ಆಯ್ಕೆಯಿಂದ ಯಾರ ತಾಯ್ತನವನ್ನೂ ಅಳೆಯಬಾರದು. ನಲ್ಲಿಯಲ್ಲಿ ಎಷ್ಟು ನೀರು ಬರುತ್ತದೆ, ಒಣಹಾಕಲು ಎಷ್ಟು ಬಿಸಿಲು ಸಿಗುತ್ತದೆ, ಒಗೆಯುವ ಕೈ ಯಾರದು ಎಂಬುದರ ಮೇಲೆ ನಿಲ್ಲಬೇಕಾದ ತೀರ್ಮಾನ ಅದು. ಆ ತೀರ್ಮಾನಕ್ಕೆ ಅಡ್ಡ ಬರುವ ಕೆಲವು ನಂಬಿಕೆಗಳು ಇಲ್ಲಿವೆ.

"ಬಟ್ಟೆ ಕಟ್ಟಿದರೆ ದದ್ದು ಬರುವುದೇ ಇಲ್ಲ"

ಬರುತ್ತದೆ. ಪ್ಯಾಕೆಟ್ ಡೈಪರ್ ಇಲ್ಲದ ಕಾಲದಲ್ಲೂ ಮಕ್ಕಳ ತೊಡೆಸಂದು ಕೆಂಪಾಗುತ್ತಿತ್ತು, ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ದದ್ದಿನ ಮೂಲ ಇರುವುದು ಒದ್ದೆಯಲ್ಲಿ. ಚರ್ಮ ಸಹಜವಾಗಿ ತುಸು ಆಮ್ಲೀಯ. ಮೂತ್ರ, ಮಲ ಎರಡೂ ಒಂದೆಡೆ ಸೇರಿ ಹೊತ್ತು ಕಳೆದರೆ ಮಲದಲ್ಲಿನ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಆಮ್ಲೀಯತೆ ಕಳೆದುಹೋಗುತ್ತದೆ. ಆಗ ಮಲದಲ್ಲಿ ಉಳಿದಿರುವ, ಪ್ರೋಟೀನ್ ಮತ್ತು ಕೊಬ್ಬನ್ನು ಕರಗಿಸುವ ಕಿಣ್ವಗಳು ಚುರುಕಾಗಿ ಚರ್ಮವನ್ನೇ ಕೆರಳಿಸತೊಡಗುತ್ತವೆ. ಮೊದಲೇ ನೆನೆದು ಮೆತ್ತಗಾದ ಚರ್ಮ ಸ್ವಲ್ಪ ಉಜ್ಜಿದರೂ ಸುಲಿಯುತ್ತದೆ.

ಈ ಒಂದು ವಿಷಯದಲ್ಲಿ ಪ್ಯಾಕೆಟ್ ಡೈಪರ್‌ಗೆ ಅನುಕೂಲ ಇದೆ ಎಂದು ಒಪ್ಪಬೇಕು. ಅದರೊಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳುಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಜೆಲ್ ಆಗುತ್ತದೆ, ಮಗುವಿನ ಮೈ ಒಣಗಿರುತ್ತದೆ. ಜೆಲ್ ವಿಷ ಎಂಬ ಭಯ ಬೇಡ, ಅದು ಚರ್ಮದೊಳಗೆ ಇಳಿಯುವುದಿಲ್ಲ. ಡೈಪರ್ ಹರಿದು ಹೊರಬಂದರೆ ಒರೆಸಿ ತೆಗೆಯಿರಿ, ಮಗುವಿನ ಬಾಯಿ ಮೂಗಿಗೆ ಹೋಗದಂತೆ ನೋಡಿಕೊಳ್ಳಿ. ನಿಜವಾದ ತೊಂದರೆ ಬೇರೆ: ಮೈ ಒಣಗಿದಂತೆ ಕಾಣುವುದರಿಂದ ಬದಲಾಯಿಸುವುದನ್ನೇ ಮರೆಯುತ್ತೇವೆ. ಬಟ್ಟೆ ಒದ್ದೆಯಾದರೆ ಮಗು ಅತ್ತು ಹೇಳುತ್ತದೆ. ಜೆಲ್ ಆ ಅಳುವನ್ನು ತಡೆದುಬಿಡುತ್ತದೆ.

ಹಾಗಾದರೆ ದದ್ದು ತಡೆಯಲು ಯಾವುದು ಮೇಲು? ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಜಾಲಾಡುವ ಕಾಕ್ರೇನ್ ಸಂಸ್ಥೆ 2006ರಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿತ್ತು. ಬಿಸಾಡುವ ಡೈಪರ್ ದದ್ದು ತಡೆಯುತ್ತದೆ ಎನ್ನಲೂ ತಡೆಯುವುದಿಲ್ಲ ಎನ್ನಲೂ ಸಾಕಷ್ಟು ಗಟ್ಟಿ ಪುರಾವೆ ಇಲ್ಲ ಎಂದು ಅದು ತೀರ್ಮಾನಿಸಿತು. ಕೈಯಲ್ಲಿರುವ ಉಪಾಯ ಹಳೆಯದೇ. ಮಲ ಮಾಡಿದ ಕೂಡಲೇ ಬದಲಾಯಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ದಿನಕ್ಕೆ ಒಂದಷ್ಟು ಹೊತ್ತು ಏನೂ ಕಟ್ಟದೆ ಬಿಡಿ. ಪೌಡರ್ ಬೇಡ, ಅದರ ಧೂಳು ಮಗುವಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಡಿಕೆಗಳ ಒಳಗೂ ಕಡುಕೆಂಪಾಗಿ ಸುತ್ತ ಚಿಕ್ಕ ಚಿಕ್ಕ ಗುಳ್ಳೆ ಎದ್ದಿದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು. ಎಣ್ಣೆ, ಮುಲಾಮು ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ.

"ಬಟ್ಟೆ ಡೈಪರ್ ಅಂದರೆ ಪೂರ್ತಿ ಹತ್ತಿ"

ಅಜ್ಜಿ ಕಟ್ಟುತ್ತಿದ್ದ ಲಂಗೋಟಿ ಪೂರ್ತಿ ಹತ್ತಿ. ಅಂಗಡಿಯ ಹೊಸ ಬಟ್ಟೆ ಡೈಪರ್ ಹಾಗಲ್ಲ. ನೀರು ಸೋರದಂತೆ ತಡೆಯುವ ಅದರ ಹೊರಪದರ ಸಾಮಾನ್ಯವಾಗಿ ಪಾಲಿಯೆಸ್ಟರ್ ಬಟ್ಟೆಗೆ ಪಾಲಿಯುರಿಥೇನ್ ಅಂಟಿಸಿದ್ದು, ಅಂದರೆ ಪ್ಲಾಸ್ಟಿಕ್ಕೇ. ಒಳಗಿನ ಪ್ಯಾಡ್ ಹತ್ತಿಯದ್ದೂ ಇರಬಹುದು, ಮೈಕ್ರೋಫೈಬರಿನದೂ ಇರಬಹುದು. ಮೈಕ್ರೋಫೈಬರ್ ನೇರವಾಗಿ ಚರ್ಮಕ್ಕೆ ತಾಗಿದರೆ ಚರ್ಮದ ಪಸೆಯನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಅದನ್ನು ಜೇಬಿನೊಳಗೆ ತೂರಿಸಿಯೇ ಬಳಸಬೇಕು. ಒಗೆಯುವಾಗಲೂ ಈ ವ್ಯತ್ಯಾಸ ನೆನಪಿರಲಿ. ಪಂಚೆಯ ಬಟ್ಟೆಯನ್ನು ಹಂಡೆಯಲ್ಲಿ ಕುದಿಸಬಹುದು, ಹೊಸ ಡೈಪರಿನ ಹೊರಪದರವನ್ನು ಕುದಿಸಿದರೆ ಪದರ ಕಿತ್ತು ಸೋರತೊಡಗುತ್ತದೆ.

"ದಪ್ಪ ಬಟ್ಟೆ ಕಟ್ಟಿದರೆ ಕಾಲು ಸೊಟ್ಟಗಾಗುತ್ತದೆ"

ಹುಟ್ಟಿದ ಮಗುವಿನ ಕಾಲು ಹೇಗೂ ಬಿಲ್ಲಿನಂತೆ ಬಾಗಿಯೇ ಇರುತ್ತದೆ, ಗರ್ಭದಲ್ಲಿ ಮುದುಡಿ ಮಲಗಿದ್ದರ ಗುರುತು ಅದು. ಒಂದೂವರೆ, ಎರಡು ವರ್ಷಕ್ಕೆ ನೆಟ್ಟಗಾಗುತ್ತದೆ, ಮೂರು ನಾಲ್ಕರ ಹೊತ್ತಿಗೆ ಮೊಣಕಾಲುಗಳು ಒಳಗೆ ತಾಗುವಂತೆ ಕಂಡು, ಏಳರೊಳಗೆ ಸರಿಹೋಗುತ್ತದೆ. ಬಟ್ಟೆಗೂ ಇದಕ್ಕೂ ಸಂಬಂಧ ಇಲ್ಲ. ಸೊಂಟದ ಕೀಲಿಗಂತೂ ಕಾಲು ಅಗಲವಾಗಿರುವುದೇ ಹಿತ. ಸೊಂಟದ ಕೀಲು ಸರಿಯಾಗಿ ಕೂರದೆ ಹುಟ್ಟಿದ ಮಕ್ಕಳಿಗೆ ವೈದ್ಯರು ತೊಡಿಸುವ ಪಟ್ಟಿಯೂ ತೊಡೆಗಳನ್ನು ಮಡಿಸಿ ಅಗಲಿಸಿಯೇ ಹಿಡಿಯುತ್ತದೆ. ಭಯಪಡಬೇಕಾದದ್ದು ಕಾಲುಗಳನ್ನು ನೇರಕ್ಕೆ ಚಾಚಿಸಿ ಬಿಗಿಯಾಗಿ ಸುತ್ತಿ ಮಲಗಿಸುವ ಪದ್ಧತಿಗೆ.

ನಡಿಗೆಯ ಮೇಲೆ ಪರಿಣಾಮ ಇರುವುದು ನಿಜ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 13 ಮತ್ತು 19 ತಿಂಗಳ 60 ಮಕ್ಕಳನ್ನು ಡೈಪರ್ ಇಲ್ಲದೆ, ತೆಳು ಡೈಪರಿನಲ್ಲಿ, ದಪ್ಪ ಬಟ್ಟೆ ಡೈಪರಿನಲ್ಲಿ ನಡೆಸಿ ನೋಡಿ 2012ರಲ್ಲಿ ಪ್ರಕಟಿಸಿದರು. ಬರಿಮೈಯಲ್ಲಿ ಮಕ್ಕಳು ಚೆನ್ನಾಗಿ ನಡೆದರು, ಡೈಪರ್ ಕಟ್ಟಿದಾಗ ಹೆಚ್ಚು ಎಡವಿದರು. ಇದು ಆ ಹೊತ್ತಿನ ಅಡಚಣೆ ಮಾತ್ರ. ನಡೆಯಲು ಕಲಿಯುವ ಮಗುವನ್ನು ಮನೆಯೊಳಗೆ ಬರಿಮೈಯಲ್ಲಿ ಓಡಾಡಲು ಬಿಡುವ ನಮ್ಮ ರೂಢಿ ಸರಿಯಾಗಿಯೇ ಇದೆ.

"ಗಂಡುಮಗುವಿಗೆ ಡೈಪರ್ ಹಾಕಿದರೆ ಮುಂದೆ ಮಕ್ಕಳಾಗುವುದಿಲ್ಲ"

ಪ್ಲಾಸ್ಟಿಕ್ ಪದರದ ಡೈಪರಿನಲ್ಲಿ ವೃಷಣದ ಬಿಸಿ ಬಟ್ಟೆಗಿಂತ ತುಸು ಹೆಚ್ಚಿರುತ್ತದೆ ಎಂದು ಜರ್ಮನಿಯ ಕೀಲ್ ನಗರದ ವೈದ್ಯರು 2000ದಲ್ಲಿ ವರದಿ ಮಾಡಿದ್ದರು. ಅವರು ಅಳೆದದ್ದು ಬಿಸಿಯನ್ನಷ್ಟೇ. ಆ ಮಕ್ಕಳು ದೊಡ್ಡವರಾದ ಮೇಲೆ ಬಂಜೆತನ ಬಂತೇ ಎಂದು ಆ ಅಧ್ಯಯನ ನೋಡಿಲ್ಲ. ಬೇಸಿಗೆಯಲ್ಲಿ ಗಾಳಿಯಾಡಲು ಬಿಡಿ, ಇದನ್ನು ನೆಚ್ಚಿ ರಾತ್ರಿಯ ನಿದ್ದೆ ಕಳೆದುಕೊಳ್ಳಬೇಡಿ.

"ಬಟ್ಟೆ ಬಳಸಿದರೆ ಪರಿಸರ ಉಳಿದಂತೆಯೇ"

ಈ ನಂಬಿಕೆಯಲ್ಲಿ ಬಹುಪಾಲು ನಿಜ ಇದೆ, ಆದರೆ ತಾನಾಗಿಯೇ ಅಲ್ಲ. ಬ್ರಿಟನ್ನಿನ ಪರಿಸರ ಏಜೆನ್ಸಿ ಒಂದು ಮಗುವಿನ ಎರಡೂವರೆ ವರ್ಷದ ಲೆಕ್ಕ ಹಾಕಿ 2008ರಲ್ಲಿ ವರದಿ ಕೊಟ್ಟಿತು. ಬಿಸಾಡುವ ಡೈಪರಿನಿಂದ ಸುಮಾರು 550 ಕಿಲೋ ಇಂಗಾಲದ ಹೊರೆ, ಬಟ್ಟೆಯಿಂದ ಸುಮಾರು 570 ಕಿಲೋ. ಬಟ್ಟೆ ಗೆಲ್ಲಲಿಲ್ಲ! ಕಾರಣ ವರದಿಯಲ್ಲೇ ಇದೆ. ಬಿಸಾಡುವ ಡೈಪರಿನ ಹೊರೆ ಹೆಚ್ಚಾಗಿ ಕಾರ್ಖಾನೆಯಲ್ಲಿ ಹುಟ್ಟುತ್ತದೆ, ಬಟ್ಟೆಯ ಹೊರೆ ಮನೆಯಲ್ಲಿ, ಒಗೆದು ಒಣಗಿಸುವಾಗ. ಹಗ್ಗದ ಮೇಲೆ ಒಣಹಾಕಿ, ಮೆಷಿನ್ ತುಂಬಿಸಿ ಒಗೆದು, ಅದೇ ಬಟ್ಟೆಯನ್ನು ಎರಡನೆಯ ಮಗುವಿಗೂ ಬಳಸಿದರೆ ಹೊರೆ ಸುಮಾರು 40 ಶೇಕಡ ಇಳಿಯುತ್ತದೆ. ವಿದ್ಯುತ್ ಡ್ರೈಯರಿನಲ್ಲೇ ಎಲ್ಲವನ್ನೂ ಒಣಗಿಸಿದರೆ ಅಷ್ಟೇ ದೊಡ್ಡ ಪ್ರಮಾಣದಲ್ಲಿ ಏರುತ್ತದೆ. 2023ರಲ್ಲಿ ಅದೇ ದೇಶದ ಸರ್ಕಾರ ಪ್ರಕಟಿಸಿದ ಹೊಸ ಲೆಕ್ಕದಲ್ಲಿ ಬಟ್ಟೆಯ ಹೊರೆ ಸುಮಾರು 25 ಶೇಕಡ ಕಡಿಮೆ ಎಂದು ಬಂದಿದೆ.

ನಮ್ಮಲ್ಲಿ ಬಹುತೇಕ ಮನೆಗಳಲ್ಲಿ ಬಟ್ಟೆ ಒಣಗಿಸುವುದು ಬಿಸಿಲೇ. ಅಕ್ಕನ ಮಗುವಿನ ಬಟ್ಟೆ ತಂಗಿಯ ಮಗುವಿಗೆ ಬರುವುದೂ ಹೊಸದಲ್ಲ. ಹಾಗಾಗಿ ಬಯಲುಸೀಮೆಯ ಮನೆಯಲ್ಲಿ ಬಟ್ಟೆಯ ಪರವಾದ ವಾದ ಇಂಗ್ಲೆಂಡಿಗಿಂತ ಗಟ್ಟಿ. ಆದರೆ 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗೆ ಕಾದದ್ದನ್ನು ಮರೆಯಲಾಗದು. ಕುಡಿಯುವ ನೀರಿಗೇ ಪರದಾಡುವ ಮನೆಯ ತಾಯಿಗೆ ಬಟ್ಟೆ ಕಟ್ಟು ಎಂದು ಉಪದೇಶ ಮಾಡುವುದು ತಪ್ಪು. ಮಲೆನಾಡು, ಕರಾವಳಿಯ ಆಷಾಢದಲ್ಲಿ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯುವ ಬಟ್ಟೆಗಿಂತ ಒಣಗಿದ ಪ್ಯಾಕೆಟ್ ಡೈಪರ್ ಮಗುವಿಗೆ ವಾಸಿ.

ಪ್ಯಾಕೆಟ್ ಡೈಪರ್ ಕೊಳೆಯಲು 500 ವರ್ಷ ಬೇಕು ಎಂಬ ಮಾತೂ ಎಲ್ಲೆಡೆ ಓಡಾಡುತ್ತದೆ. ಅದು ಅಂದಾಜು. ಪ್ಯಾಂಪರ್ಸ್ ಅಮೆರಿಕದ ಮಾರುಕಟ್ಟೆಗೆ ಬಂದದ್ದೇ 1961ರಲ್ಲಿ, ಕೊಳೆಯುವುದನ್ನು ಪೂರ್ತಿ ನೋಡಿದವರು ಯಾರೂ ಇಲ್ಲ. ಆದರೆ ಅದರಲ್ಲಿನ ಪ್ಲಾಸ್ಟಿಕ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಅದಕ್ಕಿಂತ ಹತ್ತಿರದ ಅನ್ಯಾಯ ಇನ್ನೊಂದಿದೆ: ಹಸಿ ಕಸದ ಜೊತೆ ಎಸೆದ ಡೈಪರನ್ನು ಪೌರಕಾರ್ಮಿಕರು ಕೈಯಿಂದ ಹೆಕ್ಕಿ ಬೇರ್ಪಡಿಸಬೇಕಾಗುತ್ತದೆ. ಮಲವನ್ನು ಶೌಚಾಲಯಕ್ಕೆ ಹಾಕಿ, ಡೈಪರನ್ನು ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಮಾಡಿ ಪ್ರತ್ಯೇಕವಾಗಿ ಕೊಡಿ. ಮೋರಿಗೆ, ಕೆರೆಯ ದಂಡೆಗೆ ಎಸೆಯಲೇಬೇಡಿ.

"ಹಾಲು ಕುಡಿಯುವ ಮಗುವಿನ ಕಕ್ಕದಲ್ಲಿ ಕೊಳಕೇನಿದೆ?"

ಇದೆ. ಎಳೆ ಮಕ್ಕಳ ಮಲದಲ್ಲಿ ಭೇದಿ ತರುವ ರೋಗಾಣುಗಳು ದೊಡ್ಡವರ ಮಲದಲ್ಲಿ ಇರುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಇರಬಹುದು. ಒಂದೂವರೆ ತಿಂಗಳಿಗೆ ಶುರುವಾಗುವ ರೋಟಾವೈರಸ್ ಲಸಿಕೆಯ ಹನಿ ಹಾಕಿಸಿದ ಮೇಲೆ ಲಸಿಕೆಯ ವೈರಸ್ಸೂ ಕೆಲವು ದಿನ ಮಲದಲ್ಲಿ ಹೊರಬರುತ್ತದೆ. ಬಟ್ಟೆಯಾಗಲಿ ಪ್ಯಾಕೆಟ್ಟಾಗಲಿ, ಬದಲಾಯಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲೇಬೇಕು.

ಬಟ್ಟೆ ಒಗೆಯಲು ಪ್ರತಿ ಸಲ ಆಂಟಿಸೆಪ್ಟಿಕ್ ದ್ರವ ಸುರಿಯಬೇಕಿಲ್ಲ, ಅದರ ಶೇಷವೇ ಕೆಲವು ಮಕ್ಕಳ ಚರ್ಮಕ್ಕೆ ಉರಿ. ಮೊದಲು ತಣ್ಣೀರಿನಲ್ಲಿ ಮಲ ಜಾಲಿಸಿ, ಆಮೇಲೆ ಬಿಸಿನೀರಿನಲ್ಲಿ ಸಾಬೂನು ಪುಡಿ ಹಾಕಿ ಒಗೆದು, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿದರೆ ಸಾಕು. ಘಮಘಮಿಸುವ ಸಾಫ್ಟನರ್ ಬೇಡ, ಅದು ನೂಲಿಗೆ ಮೆತ್ತಿ ಹೀರುವ ಶಕ್ತಿ ತಗ್ಗಿಸುತ್ತದೆ. ಒಗೆದ ಬಟ್ಟೆ ಒದ್ದೆಯಾದೊಡನೆ ಮೂಗಿಗೆ ಘಾಟು ಹೊಡೆದರೆ ಜಾಲಿಸಿದ್ದು ಸಾಲದು ಎಂದರ್ಥ. ಹಳದಿ ಕಲೆ ಉಳಿದರೆ ಚಿಂತೆಯಿಲ್ಲ, ನಾಲ್ಕು ಬಿಸಿಲಿಗೆ ಮಾಸುತ್ತದೆ.

"ಟ್ರಂಕಿನ ಹಳೇ ಬಟ್ಟೆಗಿಂತ ಸುರಕ್ಷಿತ ಬೇರೆ ಇಲ್ಲ"

ಇದೊಂದನ್ನು ದಯವಿಟ್ಟು ನಿಧಾನವಾಗಿ ಓದಿ. ಹಳೇ ಹತ್ತಿ ಬಟ್ಟೆ ಮಗುವಿಗೆ ಹಿತವೇ. ಅಪಾಯ ಇರುವುದು ಟ್ರಂಕಿನಲ್ಲಿಟ್ಟ ನುಸಿಗುಳಿಗೆಯಲ್ಲಿ. ಅನೇಕ ನುಸಿಗುಳಿಗೆಗಳಲ್ಲಿ ಇರುವುದು ನ್ಯಾಫ್ತಲೀನ್. ಅದರ ಆವಿ ಬಟ್ಟೆಯಲ್ಲಿ ಸೇರಿಕೊಂಡು ಮಗುವಿನ ತೆಳು ಚರ್ಮದ ಮೂಲಕ, ಉಸಿರಿನ ಮೂಲಕ ಒಳಹೋಗುತ್ತದೆ. ಮೈಗೆ ಎಣ್ಣೆ ಹಚ್ಚಿದ್ದರೆ ಇನ್ನೂ ಸಲೀಸು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಕಾಮಾಲೆ ಏರುತ್ತದೆ, ಅದು ಮಿದುಳಿಗೂ ಹಾನಿ ಮಾಡುವ ಮಟ್ಟಕ್ಕೆ ಹೋಗಬಹುದು. ನುಸಿಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆಯಿಂದ ನವಜಾತ ಶಿಶುಗಳಿಗೆ ಹೀಗಾದದ್ದು 1950ರ ದಶಕದಿಂದಲೇ ವೈದ್ಯಕೀಯ ದಾಖಲೆಗಳಲ್ಲಿದೆ. ಈ ಕೊರತೆ ನಮ್ಮ ದೇಶದಲ್ಲೂ ಇದೆ, ಗಂಡುಮಕ್ಕಳಲ್ಲಿ ಹೆಚ್ಚು. ಪರೀಕ್ಷೆ ಮಾಡಿಸದೆ ಗೊತ್ತಾಗದು. ಆದ್ದರಿಂದ ಬಸಿರಿನ ತಿಂಗಳುಗಳಲ್ಲೇ ಟ್ರಂಕಿನಿಂದ ಗುಳಿಗೆ ತೆಗೆದುಬಿಡಿ. ಅದರ ವಾಸನೆ ಇರುವ ಬಟ್ಟೆ, ಕೌದಿ, ಟೊಪ್ಪಿಗೆ ಯಾವುದನ್ನೂ ಹಸುಗೂಸಿಗೆ ಬಳಸಬೇಡಿ. ಎತ್ತಿಡುವ ಬಟ್ಟೆಗೆ ಒಣ ಬೇವಿನ ಸೊಪ್ಪು ಸಾಕು.

"ಬಟ್ಟೆಯ ಮಗು ಬೇಗ ಹೇಳಲು ಕಲಿಯುತ್ತದೆ"

ಕಲಿಸುವುದು ಬಟ್ಟೆಯಲ್ಲ, ಕಲಿಸುವವರು. ಕಾಲು ಚಾಚಿ ಕೂತು ಮಗುವನ್ನು ಪಾದಗಳ ಮೇಲೆ ಕೂರಿಸಿಕೊಂಡು "ಸ್ಸ್" ಎನ್ನುತ್ತ ಸುಸ್ಸು ಮಾಡಿಸುವ ನಮ್ಮ ಅಜ್ಜಿಯಂದಿರ ವಿದ್ಯೆಯಂಥದ್ದೇ ಪೂರ್ವ ಆಫ್ರಿಕಾದ ಡಿಗೊ ಸಮುದಾಯದಲ್ಲೂ ಇದೆ. ಅಲ್ಲಿನ ಮಕ್ಕಳು ಐದಾರು ತಿಂಗಳಿಗೇ ಹಗಲೂ ರಾತ್ರಿಯೂ ಬಹುಮಟ್ಟಿಗೆ ಒಣಗಿರುತ್ತಿದ್ದರು ಎಂದು 1977ರಲ್ಲಿ ವರದಿಯಾಗಿದೆ. ಮಗುವಿನ ಸೂಚನೆ ಹಿಡಿಯುವ ಒಬ್ಬರು ದಿನವಿಡೀ ಜೊತೆಗಿದ್ದರೆ ಮಾತ್ರ ಇದು ಸಾಧ್ಯ. ಪಾಶ್ಚಾತ್ಯ ದೇಶಗಳಲ್ಲಿ ಮಕ್ಕಳು ತಡವಾಗಿ ಕಲಿಯತೊಡಗಿದ್ದಕ್ಕೂ ಡೈಪರ್ ಒಂದೇ ಕಾರಣವಲ್ಲ. ಅವಸರಪಡಿಸಬೇಡಿ, ಮಗು ತಯಾರಾಗಲಿ ಎಂದು ವೈದ್ಯ ಬ್ರೇಜಲ್ಟನ್ ಅಮೆರಿಕದಲ್ಲಿ ಸಲಹೆ ಕೊಟ್ಟದ್ದು 1962ರಲ್ಲಿ, ಪ್ಯಾಂಪರ್ಸ್ ಬಂದ ಮರುವರ್ಷವೇ.

"ಬಟ್ಟೆ ಅಗ್ಗ, ಬೇರೆ ಮಾತೇ ಇಲ್ಲ"

ಹಣದ ಲೆಕ್ಕದಲ್ಲಿ ಅಗ್ಗವೇ. ಒಂದು ಪ್ಯಾಕೆಟ್ ಡೈಪರಿಗೆ 10 ರೂಪಾಯಿ ಎಂದಿಟ್ಟುಕೊಂಡು ದಿನಕ್ಕೆ 6 ಬಳಸಿದರೆ ವರ್ಷಕ್ಕೆ 21,900 ರೂಪಾಯಿ. 400 ರೂಪಾಯಿಯ 20 ಬಟ್ಟೆ ಡೈಪರಿಗೆ 8,000, ಅದೂ ಒಂದೇ ಸಲ. ಹಳೇ ಪಂಚೆಗೆ ಏನೂ ಇಲ್ಲ. ಆದರೆ ಹಸುಗೂಸಿಗೆ ದಿನಕ್ಕೆ ಹತ್ತು ಸಲ ಬದಲಾಯಿಸಬೇಕಾದೀತು. ಅದನ್ನು ಒಗೆಯುವ ಶ್ರಮವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಬಾಣಂತಿಯ ತಾಯಿಯ ಬೆನ್ನಿನ ಮೇಲೆ ಬೀಳುತ್ತದೆ.

ನನ್ನ ತೀರ್ಪು ಇಷ್ಟು. ನೀರೂ ಬಿಸಿಲೂ ಇರುವ ಮನೆಯಲ್ಲಿ ಹಗಲು ಬಟ್ಟೆ ಕಟ್ಟಿ. ರಾತ್ರಿಗೆ, ಪ್ರಯಾಣಕ್ಕೆ, ಜಡಿಮಳೆಯ ದಿನಗಳಿಗೆ ಪ್ಯಾಕೆಟ್ ಇರಲಿ. ಎರಡನ್ನೂ ಬಳಸುವುದರಲ್ಲಿ ಯಾವ ತಪ್ಪೂ ಇಲ್ಲ. ಹೊಸ ಬಟ್ಟೆ ಡೈಪರನ್ನು ಒಮ್ಮೆಲೇ ಇಪ್ಪತ್ತು ಕೊಳ್ಳದೆ ಮೂರು ನಾಲ್ಕು ತಂದು, ನಿಮ್ಮ ಮಗುವಿನ ತೊಡೆಗೆ ಸರಿಯಾಗಿ ಕೂರುತ್ತದೆಯೇ, ನಿಮ್ಮ ಊರಿನ ಹವೆಯಲ್ಲಿ ಒಂದು ದಿನದಲ್ಲಿ ಒಣಗುತ್ತದೆಯೇ ನೋಡಿ. ಬಟ್ಟೆ ಎಂದು ನಿರ್ಧರಿಸಿದರೆ ಒಗೆಯುವ ಕೆಲಸವನ್ನು ಮೊದಲ ದಿನದಿಂದಲೇ ಮಗುವಿನ ಅಪ್ಪ ಹಂಚಿಕೊಳ್ಳಲಿ.