ಬೆಲ್ ಎಲ್ಲಿದೆ ಎಂದು ಹುಡುಕಿದ 40 ವರ್ಷ

ನಮ್ಮ ಅಮ್ಮನಿಗೆ ಆಸ್ತಮಾ. ಚಳಿಗಾಲ ಬಂತೆಂದರೆ ದಿಂಬಿನ ಪಕ್ಕ ನೀಲಿ ಬಣ್ಣದ ಇನ್‌ಹೇಲರ್ ಇರಲೇಬೇಕು. ರಾತ್ರಿ ಉಸಿರು ಕಟ್ಟಿದಂತಾದರೆ ಎದ್ದು ಕೂತು ಎರಡು ಸಲ ಎಳೆದುಕೊಳ್ಳುತ್ತಾರೆ. ಕೆಲವೇ ನಿಮಿಷಗಳಲ್ಲಿ ಎದೆಯೊಳಗಿನ ಸುಯ್ ಸುಯ್ ಸದ್ದು ಇಳಿಯುತ್ತದೆ. ಕಳೆದ ಸಲ ತೋರಿಸಲು ಹೋದಾಗ ಡಾಕ್ಟರು, ‘ಇದನ್ನೇ ನೆಚ್ಚಿಕೊಂಡು ಮೇಲಿಂದ ಮೇಲೆ ಎಳ್ಕೋಬೇಡಿ ಅಮ್ಮಾ, ಆಮೇಲೆ ಇದು ಕೇಳೋದಿಲ್ಲ’ ಎಂದರು. ಅಮ್ಮ ತಲೆಯಾಡಿಸಿದರು. ನನಗೆ ಮಾತ್ರ ಆ ಮಾತು ತಲೆಯಲ್ಲೇ ಉಳಿಯಿತು. ಔಷಧ ಅದೇ, ದೇಹವೂ ಅದೇ. ಮೊದಲು ಕೇಳುತ್ತಿದ್ದದ್ದು ಆಮೇಲೆ ಯಾಕೆ ಕೇಳುವುದಿಲ್ಲ?

ಬಿಇ ಸೇರಿದ ಮೇಲೆ ನಾನು ಜೀವಶಾಸ್ತ್ರದ ಪುಸ್ತಕ ಮುಟ್ಟಿರಲಿಲ್ಲ. ಆದರೂ ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಇಬ್ಬರು ವಿಜ್ಞಾನಿಗಳ ಕಥೆ ಸಿಕ್ಕಿತು. ಒಬ್ಬರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಲೆಫ್ಕೊವಿಟ್ಜ್. ಇನ್ನೊಬ್ಬರು ಅವರ ಶಿಷ್ಯ, ಸ್ಟ್ಯಾನ್‌ಫರ್ಡ್‌ನ ಬ್ರಯನ್ ಕೊಬಿಲ್ಕಾ. 2012ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಗುರು–ಶಿಷ್ಯರಿಬ್ಬರೂ ಹಂಚಿಕೊಂಡರು. ಪ್ರಶಸ್ತಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೂ ಮೊದಲಿನ ವರ್ಷಗಳು.

ಮೊದಲು ವಿಷಯ ಏನೆಂದು ನೋಡೋಣ. ಪರೀಕ್ಷೆಯ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬರುವ ಮುನ್ನ ಎದೆ ಡವಡವ ಹೊಡೆದುಕೊಳ್ಳುತ್ತದಲ್ಲ, ಅದಕ್ಕೆ ರಕ್ತಕ್ಕೆ ಸೇರುವ ಅಡ್ರಿನಲಿನ್ ಎಂಬ ಹಾರ್ಮೋನು ಕಾರಣ. ವಿಚಿತ್ರವೆಂದರೆ ಈ ಕೆಲಸ ಮಾಡಿಸಲು ಅಡ್ರಿನಲಿನ್ ಹೃದಯದ ಜೀವಕೋಶದ ಒಳಗೆ ಹೋಗುವುದೇ ಇಲ್ಲ. ಮನೆಗೆ ಬಂದವರು ಹೊರಗೆ ನಿಂತು ಬೆಲ್ ಒತ್ತುತ್ತಾರೆ, ಅಡುಗೆಮನೆಯಲ್ಲಿದ್ದವರಿಗೆ ಸುದ್ದಿ ಮುಟ್ಟುತ್ತದೆ. ಹಾಗೆಯೇ ಇದು. ಜೀವಕೋಶದ ಹೊರಪೊರೆಯಲ್ಲಿರುವ ಆ ಬೆಲ್ಲೇ ರಿಸೆಪ್ಟರ್. ಅಡ್ರಿನಲಿನ್ ಅದಕ್ಕೆ ಅಂಟಿಕೊಂಡ ಕೂಡಲೇ ರಿಸೆಪ್ಟರಿನ ಆಕಾರ ತುಸು ಬದಲಾಗುತ್ತದೆ. ಒಳಗಡೆ ಕಾದಿರುವ ‘ಜಿ ಪ್ರೊಟೀನ್’ ಎಚ್ಚೆತ್ತುಕೊಳ್ಳುತ್ತದೆ. ಅದು ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಆ ಕಿಣ್ವ ಸೈಕ್ಲಿಕ್ ಎಎಂಪಿ ಎಂಬ ಅಣುಗಳನ್ನು ರಾಶಿ ರಾಶಿಯಾಗಿ ತಯಾರಿಸಿ ಸುದ್ದಿಯನ್ನು ಎಲ್ಲೆಡೆ ಹಬ್ಬಿಸುತ್ತದೆ. ಎಲೆಕ್ಟ್ರಾನಿಕ್ಸ್ ಓದುವವರಿಗೆ ಇದು ಗೊತ್ತಿರುವ ಸಂಗತಿಯೇ: ಸಣ್ಣ ಇನ್‌ಪುಟ್, ದೊಡ್ಡ ಔಟ್‌ಪುಟ್, ನಡುವೆ ಒಂದು ಆಂಪ್ಲಿಫೈಯರ್.

ಇಂದು ಇದನ್ನು ಇಷ್ಟು ಸಲೀಸಾಗಿ ಬರೆಯಬಹುದು. 1960ರ ದಶಕದಲ್ಲಿ ರಿಸೆಪ್ಟರ್ ಎನ್ನುವುದು ನಿಜವಾದ ವಸ್ತುವೇ, ಅಥವಾ ಲೆಕ್ಕ ಹೊಂದಿಸಲು ಮಾಡಿಕೊಂಡ ಕಲ್ಪನೆಯೇ ಎಂಬುದೇ ಇತ್ಯರ್ಥವಾಗಿರಲಿಲ್ಲ. ಅಡ್ರಿನಲಿನ್‌ಗೆ ಆಲ್ಫಾ, ಬೀಟಾ ಎಂಬ ಎರಡು ಬಗೆಯ ರಿಸೆಪ್ಟರ್‌ಗಳಿರಬೇಕು ಎಂದು ರೇಮಂಡ್ ಆಲ್ಕ್ವಿಸ್ಟ್ 1948ರಲ್ಲೇ ವಾದಿಸಿದ್ದರು. ಆದರೆ ಯಾರೂ ಅದನ್ನು ಬೇರ್ಪಡಿಸಿ ತೋರಿಸಿರಲಿಲ್ಲ. ಬೆಲ್ ಸದ್ದು ಎಲ್ಲರಿಗೂ ಕೇಳುತ್ತಿತ್ತು, ಬೆಲ್ ಕಂಡವರಿರಲಿಲ್ಲ.

ಮೊದಲ ಬಾರಿ ಫೇಲ್

ಲೆಫ್ಕೊವಿಟ್ಜ್ 1943ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಹುಟ್ಟಿದವರು. ಎಂಟನೇ ವಯಸ್ಸಿಗೇ ಡಾಕ್ಟರಾಗಬೇಕೆಂದು ಮನಸ್ಸು ಮಾಡಿದ್ದರು. 1966ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಸಂಶೋಧನೆ ಅವರ ಯೋಜನೆಯಲ್ಲಿ ಇರಲೇ ಇಲ್ಲ. ಅದು ವಿಯೆಟ್ನಾಂ ಯುದ್ಧದ ಕಾಲ. ಯುವ ವೈದ್ಯರಿಗೆ ಕಡ್ಡಾಯ ಸೇವೆ ಇತ್ತು. ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪ್ರಯೋಗಾಲಯದಲ್ಲಿ ಎರಡು ವರ್ಷ ದುಡಿದರೆ ಅದೂ ಸೇವೆ ಎಂದೇ ಲೆಕ್ಕ. ಹೀಗೆ 1968ರಲ್ಲಿ, 25ರ ಹರೆಯದಲ್ಲಿ, ಅವರು ಲ್ಯಾಬ್‌ಗೆ ಕಾಲಿಟ್ಟರು.

ಅಲ್ಲಿ ಕೊಟ್ಟ ಕೆಲಸ ಹೀಗಿತ್ತು: ಎಸಿಟಿಎಚ್ ಎಂಬ ಹಾರ್ಮೋನಿಗೆ ವಿಕಿರಣಶೀಲ ಅಯೋಡಿನ್ನಿನ ಗುರುತು ಅಂಟಿಸಬೇಕು. ಅದು ಅಡ್ರಿನಲ್ ಗ್ರಂಥಿಯ ಜೀವಕೋಶಗಳ ಮೇಲೆ ಎಲ್ಲಿ ಹೋಗಿ ಕೂರುತ್ತದೆಂದು ಪತ್ತೆ ಮಾಡಬೇಕು. ಮೊದಲ ವರ್ಷ ಪೂರ್ತಿ ಏನೂ ಕೈಗೂಡಲಿಲ್ಲ. ಶಾಲೆಯಿಂದಲೂ ಮುಂದಿನ ಬೆಂಚಿನ ವಿದ್ಯಾರ್ಥಿಯಾಗಿದ್ದವರಿಗೆ ಸೋಲೆಂದರೇನು ಎಂದು ಗೊತ್ತಾಗಿದ್ದು ಆಗಲೇ. ಅದೇ ಅವಧಿಯಲ್ಲಿ ತಂದೆಯೂ ಹೃದಯಾಘಾತದಿಂದ ತೀರಿಕೊಂಡರು. ಎರಡು ವರ್ಷ ಮುಗಿದ ಕೂಡಲೇ ಆಸ್ಪತ್ರೆಗೆ ಮರಳುವುದೆಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಆಮೇಲೆ ಪ್ರಯೋಗ ಫಲ ಕೊಟ್ಟಿತು. 1970ರಲ್ಲಿ ಪ್ರಬಂಧಗಳು ಪ್ರಕಟವಾದವು.

ನಿರ್ಧರಿಸಿದಂತೆ ಬಾಸ್ಟನ್‌ನ ಆಸ್ಪತ್ರೆಗೆ ಹೋದರು. ರೋಗಿಗಳನ್ನು ನೋಡುವುದು ಇಷ್ಟವೇ ಆಗಿತ್ತು, ಆದರೂ ಏನೋ ಕಳೆದುಕೊಂಡಂತೆ. ಅದು ಲ್ಯಾಬ್ ಎಂದು ತಿಳಿಯಲು ಕೆಲವು ತಿಂಗಳು ಹಿಡಿಯಿತು. ಒಂದು ವರ್ಷ ಅಳಿಸಿದ ಕೆಲಸವೇ ಮತ್ತೆ ಕರೆಯುತ್ತಿತ್ತು. 1973ರಲ್ಲಿ ಡ್ಯೂಕ್ ಸೇರಿ ಅಡ್ರಿನಲಿನ್ನಿನ ಬೀಟಾ ರಿಸೆಪ್ಟರಿನ ಬೆನ್ನು ಹತ್ತಿದರು.

ಲಕ್ಷದಲ್ಲಿ ಒಂದು

ತೊಂದರೆ ಏನೆಂದರೆ, ಜೀವಕೋಶದಲ್ಲಿ ಈ ರಿಸೆಪ್ಟರ್‌ಗಳು ತೀರಾ ಕಡಿಮೆ. ಬೇರೆ ಪ್ರೊಟೀನ್‌ಗಳ ರಾಶಿಯಿಂದ ಶುದ್ಧವಾಗಿ ತೆಗೆಯಲು ಸುಮಾರು 1 ಲಕ್ಷ ಪಟ್ಟು ಸಾಂದ್ರಗೊಳಿಸಬೇಕಾಗಿತ್ತು. ಅಕ್ಕಿ ಮೂಟೆಯಲ್ಲಿ ಒಂದೇ ಒಂದು ಕಲ್ಲು ಆರಿಸಿದಂತೆ. ಅದಕ್ಕೆ ಬೇಕಾದ ವಿಧಾನಗಳನ್ನೂ ಅವರ ತಂಡವೇ ಕಂಡುಕೊಳ್ಳಬೇಕಿತ್ತು. ಹೀಗೇ ಹತ್ತು ವರ್ಷ ಕಳೆಯಿತು.

1984ರಲ್ಲಿ ಈ ತಂಡಕ್ಕೆ ಬ್ರಯನ್ ಕೊಬಿಲ್ಕಾ ಸೇರಿದರು. ಮಿನ್ನೆಸೋಟದ ಲಿಟ್ಲ್ ಫಾಲ್ಸ್ ಎಂಬ ಸಣ್ಣ ಊರಿನವರು. ಅಜ್ಜ, ಅಪ್ಪ ಇಬ್ಬರೂ ಬೇಕರಿ ನಡೆಸುತ್ತಿದ್ದವರು. ಕೊಬಿಲ್ಕಾ ಕೂಡ ವೈದ್ಯಕೀಯ ಓದಿಯೇ ಲ್ಯಾಬ್‌ಗೆ ಬಂದವರು. ಇವರು ಮರ್ಕ್ ಕಂಪನಿಯ ವಿಜ್ಞಾನಿಗಳ ಜತೆ ಸೇರಿ 1986ರಲ್ಲಿ ಬೀಟಾ–2 ರಿಸೆಪ್ಟರಿನ ಜೀನ್ ಪತ್ತೆ ಮಾಡಿದರು. ಅದರ ರಚನಾಕ್ರಮ ನೋಡಿದವರಿಗೆ ಅಚ್ಚರಿ ಕಾದಿತ್ತು. ನಮ್ಮ ಕಣ್ಣಿನಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್ ಪ್ರೊಟೀನಿಗೂ ಇದಕ್ಕೂ ಹೋಲಿಕೆಯಿತ್ತು. ಎರಡೂ ಸೂಜಿ–ದಾರದಲ್ಲಿ ಹೊಲಿದಂತೆ ಜೀವಕೋಶದ ಪೊರೆಯನ್ನು 7 ಸಲ ದಾಟುತ್ತವೆ. ಬೆಳಕಿಗೊಂದು, ಭಯಕ್ಕೊಂದು, ಆದರೆ ಬೆಲ್ ಒಂದೇ ಕುಟುಂಬದ್ದು!

ಮನುಷ್ಯರಲ್ಲಿ ಈ ಕುಟುಂಬದ ಸುಮಾರು 800 ಸದಸ್ಯರಿದ್ದಾರೆಂದು ಇಂದು ಗೊತ್ತಿದೆ. ಮಲ್ಲಿಗೆಯ ಘಮ ಗೊತ್ತಾಗುವುದು ಇವುಗಳಿಂದಲೇ. ಬಳಕೆಯಲ್ಲಿರುವ ಔಷಧಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕೆಲಸ ಮಾಡುವುದು ಈ ರಿಸೆಪ್ಟರ್‌ಗಳ ಮೇಲೆಯೇ. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ಬೆಲ್ಲನ್ನು ಮುಚ್ಚಿ ಹಿಡಿಯುತ್ತವೆ. ಅಮ್ಮನ ಇನ್‌ಹೇಲರ್‌ನ ಸಾಲ್ಬುಟಮಾಲ್ ಶ್ವಾಸನಾಳದ ಬೀಟಾ–2 ಬೆಲ್ಲನ್ನು ಒತ್ತುತ್ತದೆ. ಆಗ ಬಿಗಿಹಿಡಿದ ಸ್ನಾಯುಗಳು ಸಡಿಲಗೊಂಡು ಉಸಿರಿಗೆ ದಾರಿಯಾಗುತ್ತದೆ.

ಇನ್ನು ನನ್ನ ಪ್ರಶ್ನೆಗೆ ಉತ್ತರ. ಒಂದೇ ಸಮನೆ ಬೆಲ್ ಒತ್ತುತ್ತಿದ್ದರೆ ಜೀವಕೋಶ ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತದೆ. ಹೇಗೆ ಎಂದು ತೋರಿಸಿದ್ದೂ ಲೆಫ್ಕೊವಿಟ್ಜ್ ಅವರ ತಂಡವೇ. ಹೆಚ್ಚು ಬಳಕೆಯಾದ ರಿಸೆಪ್ಟರಿಗೆ ಒಳಗಿನಿಂದ ಒಂದು ಕಿಣ್ವ ಗುರುತು ಹಾಕುತ್ತದೆ. ಆ ಗುರುತು ನೋಡಿ ಬೀಟಾ–ಅರೆಸ್ಟಿನ್ ಎಂಬ ಪ್ರೊಟೀನ್ ಬಂದು ಅಂಟಿಕೊಳ್ಳುತ್ತದೆ. ಜಿ ಪ್ರೊಟೀನಿಗೆ ಸುದ್ದಿ ತಲುಪುವ ದಾರಿ ಮುಚ್ಚುತ್ತದೆ. ಪದೇಪದೇ ಇನ್‌ಹೇಲರ್ ಎಳೆಯಬಾರದು ಎನ್ನಲು ಬೇರೆ ಕಾರಣಗಳೂ ಇವೆ. ಒಳಗಿನ ಉರಿಯೂತಕ್ಕೆ ಇದು ಮದ್ದಲ್ಲ ಎನ್ನುವುದು ಮುಖ್ಯವಾದದ್ದು. ಆದರೆ ‘ಆಮೇಲೆ ಕೇಳೋದಿಲ್ಲ’ ಎಂಬ ಮಾತಿನ ಹಿಂದೆ ಅರೆಸ್ಟಿನ್ ಕೂಡ ಇದೆ. ಇದನ್ನು ಹೇಳಿದಾಗ ಅಮ್ಮ, ‘ಸುಮ್ನೆ ಬೆಲ್ ಒತ್ತುತ್ತಲೇ ಇದ್ದರೆ ನಾನೂ ಬಾಗಿಲು ತೆಗೆಯಲ್ಲ ಬಿಡು’ ಎಂದರು. ನಾನು ಮೂರು ವಾರ ಓದಿದ್ದು ಅವರಿಗೆ ಮೂರೇ ನಿಮಿಷದಲ್ಲಿ ಅರ್ಥವಾಗಿತ್ತು.

ಮತ್ತೆ 20 ವರ್ಷ

ಜೀನ್ ಸಿಕ್ಕಿತು, ನಿಜ. ಆದರೆ ಬೆಲ್ ನೋಡಲು ಹೇಗಿದೆ? ಕೊಬಿಲ್ಕಾ ಸ್ಟ್ಯಾನ್‌ಫರ್ಡ್‌ಗೆ ಹೋಗಿ ಈ ಪ್ರಶ್ನೆ ಹಿಡಿದು ಕೂತರು. ಚಿತ್ರ ಬೇಕಾದರೆ ಪ್ರೊಟೀನನ್ನು ಹರಳುಗಟ್ಟಿಸಿ ಎಕ್ಸ್–ರೇ ಹಾಯಿಸಬೇಕು. ಈ ರಿಸೆಪ್ಟರೋ ಒಂದು ಕಡೆ ನಿಲ್ಲದ ಚಂಚಲ. ಪೊರೆಯಿಂದ ಹೊರತೆಗೆದರೆ ಹಾಳಾಗುತ್ತದೆ. ಆಗದ ಕೆಲಸ ಎಂದವರೇ ಹೆಚ್ಚು. ಮೊದಲ ದಿನಗಳಲ್ಲಿ ಸಂಸಾರದ ಖರ್ಚು ತೂಗಿಸಲು ಅವರು ಲ್ಯಾಬ್ ಕೆಲಸದ ಜತೆಗೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಡ್ಯೂಟಿಯನ್ನೂ ಮಾಡುತ್ತಿದ್ದರು. 2003ರಲ್ಲಿ ಬಹುಕಾಲದಿಂದ ಬರುತ್ತಿದ್ದ ಒಂದು ದೊಡ್ಡ ಅನುದಾನವೂ ನಿಂತಿತು. ಪತ್ನಿ ಟಾಂಗ್ ಸುನ್ ಥಿಯಾನ್ ಅವರೂ ಅದೇ ಲ್ಯಾಬ್‌ನಲ್ಲಿ ದುಡಿದವರು.

2007ರಲ್ಲಿ ಮೊದಲ ಚಿತ್ರ ಬಂತು. 2011ರಲ್ಲಿ ಇನ್ನೂ ದೊಡ್ಡದು: ಹೊರಗೆ ಹಾರ್ಮೋನಿನಂತಹ ಅಣು, ಒಳಗೆ ಜಿ ಪ್ರೊಟೀನ್, ಸುದ್ದಿ ದಾಟುತ್ತಿರುವ ಆ ಕ್ಷಣದ ಚಿತ್ರ. ಅದನ್ನು ಅಲುಗಾಡದಂತೆ ಹಿಡಿದು ನಿಲ್ಲಿಸಿದ್ದು ಲಾಮಾ ಎಂಬ ಪ್ರಾಣಿಯಿಂದ ಪಡೆದ ಪುಟ್ಟ ಪ್ರತಿಕಾಯ! ಮರುವರ್ಷ ಅಕ್ಟೋಬರ್‌ನಲ್ಲಿ ಸ್ಟಾಕ್‌ಹೋಮ್‌ನಿಂದ ಕರೆ ಬಂದಾಗ ಲೆಫ್ಕೊವಿಟ್ಜ್ ಕಿವಿಗೆ ಇಯರ್‌ಪ್ಲಗ್ ಹಾಕಿ ಮಲಗಿದ್ದರು. ಪತ್ನಿ ಮೊಣಕೈಯಿಂದ ತಿವಿದು ಎಬ್ಬಿಸಬೇಕಾಯಿತು. ಜೀವಮಾನವಿಡೀ ಬೆಲ್ ಹುಡುಕಿದವರಿಗೆ ಫೋನ್ ಬೆಲ್ಲೇ ಕೇಳಿಸಿರಲಿಲ್ಲ.

ಈ ಹುಡುಕಾಟದ ಒಂದು ಎಳೆ ನಮ್ಮ ದೇಶದಲ್ಲೂ ಮುಂದುವರಿದಿದೆ. ಲೆಫ್ಕೊವಿಟ್ಜ್ ಅವರ ಲ್ಯಾಬ್‌ನಲ್ಲಿ ತರಬೇತಾದ ಅರುಣ್ ಕುಮಾರ್ ಶುಕ್ಲಾ ಐಐಟಿ ಕಾನ್ಪುರದಲ್ಲಿ ಇದೇ ರಿಸೆಪ್ಟರ್, ಅರೆಸ್ಟಿನ್‌ಗಳ ಮೇಲೆ ಕೆಲಸ ಮಾಡುತ್ತಿದ್ದಾರೆ. 2021ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಸಂದಿದೆ. ಬಿಇ ಮುಗಿಸಿದವರಿಗೂ ಜೀವವಿಜ್ಞಾನದ ಸಂಶೋಧನೆಗೆ ಬಾಗಿಲು ಮುಚ್ಚಿಲ್ಲ. ಗೇಟ್ ಬರೆದು ಐಐಎಸ್‌ಸಿಯಂತಹ ಕಡೆ ಪಿಎಚ್.ಡಿ.ಗೆ ಅರ್ಜಿ ಹಾಕುವ ದಾರಿ ಇದೆ.

ಎಲ್ಲರೂ ಸಂಶೋಧಕರಾಗಬೇಕು ಎಂದು ನಾನು ಹೇಳುತ್ತಿಲ್ಲ. ಮನೆಯ ಸಾಲ, ಕ್ಯಾಂಪಸ್ ಸಂದರ್ಶನ, ತಂಗಿಯ ಫೀಸು ಎಲ್ಲರ ತಲೆಯಲ್ಲೂ ಇವೆ. ಕೊಬಿಲ್ಕಾ ಅವರಿಗೂ ಸಂಸಾರವಿತ್ತು, ಹೆಚ್ಚುವರಿ ಡ್ಯೂಟಿ ಮಾಡಿಯೇ ಅದನ್ನು ನಡೆಸಿದರು. ನನ್ನನ್ನು ಕಾಡಿದ್ದು ಬೇರೆ. ಲ್ಯಾಬ್‌ನಲ್ಲಿ ಗ್ರಾಫ್ ಸರಿಯಾಗಿ ಬರದಿದ್ದರೆ ನಾನು ಎಷ್ಟೋ ಸಲ ಪಕ್ಕದವರ ರೀಡಿಂಗ್ ನೋಡಿ ನನ್ನದನ್ನು ತಿದ್ದಿದ್ದೇನೆ. ರೆಕಾರ್ಡ್‌ಗೆ ಸಹಿ ಬಿದ್ದಿದೆ, ಅಂಕವೂ ಬಂದಿದೆ. 1969ರಲ್ಲಿ ಲೆಫ್ಕೊವಿಟ್ಜ್ ಎದುರಿಗಿದ್ದದ್ದೂ ಸರಿ ಬಾರದ ರೀಡಿಂಗ್‌ಗಳೇ. ಅವನ್ನು ಇದ್ದ ಹಾಗೇ ಇಟ್ಟುಕೊಂಡು, ತಪ್ಪು ಎಲ್ಲಿದೆ ಎಂದು ಮತ್ತೆ ಮತ್ತೆ ಹುಡುಕಿದ್ದರಿಂದ ಅಮ್ಮನ ಡಾಕ್ಟರಿಗೆ ಇಂದು ಹೇಳಲು ಒಂದು ಮಾತಿದೆ.

ಹೋದ ವಾರದ ಪ್ರಯೋಗದಲ್ಲಿ ನನ್ನ ಗ್ರಾಫ್ ಮತ್ತೆ ಸೊಟ್ಟ ಬಂತು. ಈ ಸಲ ತಿದ್ದಲಿಲ್ಲ. ಯಾಕೆ ಹೀಗಾಯಿತು ಎಂದು ಕೇಳಿಕೊಂಡು ಮೇಡಂ ಹತ್ತಿರ ಹೋದೆ. ಒಂದು ವೈರ್ ಸಡಿಲವಾಗಿತ್ತು. ಪುಟ್ಟ ವಿಷಯ. ಆದರೆ ಕಂಡುಹಿಡಿದದ್ದು ನಾನೇ.